ಶಾಲೆಯ ಹೊರಗಣ ಕಲಿಕೆ: ಉಬ್ರಾಣಿ ಸೀಮೆಯ ಮಕ್ಕಳನ್ನು ಕುರಿತು ಒಂದು ವಿಚಾರ

ಶಿಕ್ಷಣವೆಂದೊಡನೆ ಶಾಲೆಯ ಕಟ್ಟಡ, ಗಂಟೆ, ಹಾಜರಿ ಪುಸ್ತಕಗಳು ಕಣ್ಣ ಮುಂದೆ ಬಂದು ನಿಲ್ಲುವುದು ಸಹಜ. ಆದರೆ ಲೆಕ್ಕ ಹಾಕಿ ನೋಡಿದರೆ ಮಗುವಿನ ಬಾಳಿನಲ್ಲಿ ಶಾಲೆಗೆ ದೊರೆಯುವ ಕಾಲ ಸ್ವಲ್ಪವೇ ಸರಿ. 2009ರ ಶಿಕ್ಷಣ ಹಕ್ಕು ಕಾಯಿದೆಯು ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ ಹಾಗೂ 800 ಗಂಟೆಗಳನ್ನೂ, ಆರರಿಂದ ಎಂಟನೆಯ ತರಗತಿಯವರೆಗೆ 220 ದಿನ ಹಾಗೂ 1000 ಗಂಟೆಗಳನ್ನೂ ಬೋಧನೆಯ ಕನಿಷ್ಠ ಮಿತಿಯೆಂದು ವಿಧಿಸಿದೆ. ದಿನಕ್ಕೆ 14 ಗಂಟೆ ಎಚ್ಚರವಾಗಿರುವ ಬಾಲಕನಿಗೆ ವರ್ಷದಲ್ಲಿ 5110 ಗಂಟೆಗಳು ದೊರೆಯುತ್ತವೆ. ಅವುಗಳಲ್ಲಿ ಸಾವಿರವನ್ನು ಶಾಲೆ ತೆಗೆದುಕೊಂಡರೆ ಅದು ಐದರಲ್ಲಿ ಒಂದು ಪಾಲು. ಉಳಿದ ನಾಲ್ಕು ಪಾಲು ಮನೆಯದು, ಬೀದಿಯದು, ತೋಟದ್ದು, ಆಟದ್ದು. ಆ ನಾಲ್ಕು ಪಾಲಿನಲ್ಲಿ ಮಗು ಏನನ್ನೂ ಕಲಿಯುವುದಿಲ್ಲವೆಂದು ಭಾವಿಸುವುದು ಉಪಾಧ್ಯಾಯ ವೃತ್ತಿಯಲ್ಲಿರುವವರಿಗೆ ಅಂಟಿಕೊಂಡು ಬಂದಿರುವ ಒಂದು ಅಭ್ಯಾಸ. ಮಗು ಕಲಿಯುತ್ತಲೇ ಇರುತ್ತದೆ. ಏನನ್ನು, ಯಾರಿಂದ, ಯಾವ ಬೆಲೆ ತೆತ್ತು ಎಂಬುದೇ ಇಲ್ಲಿ ವಿಚಾರ ಮಾಡಬೇಕಾದ ಸಂಗತಿ.

ಉಬ್ರಾಣಿಯು ಚನ್ನಗಿರಿ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಮೊದಲು ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು 1997ರಿಂದ ದಾವಣಗೆರೆ ಜಿಲ್ಲೆಯಲ್ಲಿದೆ. ಮಲೆನಾಡಿನ ಅಂಚು ಬಯಲುಸೀಮೆಯನ್ನು ಮುಟ್ಟುವ ಈ ಪ್ರದೇಶದಲ್ಲಿ ಒಂದೆಡೆ ಕಾಡು, ಇನ್ನೊಂದೆಡೆ ಅಡಿಕೆಯ ತೋಟಗಳು. ಇಲ್ಲಿನ ಬದುಕು ಬಹುಮಟ್ಟಿಗೆ ಅಡಿಕೆಯನ್ನು ಅವಲಂಬಿಸಿದೆ. ಸಂಜೆ ಶಾಲೆ ಬಿಟ್ಟೊಡನೆ ಮಕ್ಕಳು ಎರಡು ದಾರಿಯಾಗಿ ಒಡೆದು ಹೋಗುವುದನ್ನು ಇಂಥ ಊರುಗಳ ಉಪಾಧ್ಯಾಯರೆಲ್ಲರೂ ಬಲ್ಲರು. ತೋಟವುಳ್ಳವರ ಮಕ್ಕಳು ಮನೆಪಾಠಕ್ಕೆ ಹೋಗುತ್ತಾರೆ. ರಜೆಯಲ್ಲಿ ಪಟ್ಟಣದ ಬೇಸಿಗೆ ಶಿಬಿರವನ್ನೂ ಸೇರುತ್ತಾರೆ. ಕೂಲಿಯವರ ಮಕ್ಕಳು ತಮ್ಮ ತಂಗಿಯರನ್ನು ಎತ್ತಿಕೊಂಡು, ನೀರು ತಂದು, ತಾಯಿ ಬರುವ ತನಕ ಬಾಗಿಲಲ್ಲಿ ಕೂತಿರುತ್ತಾರೆ. ತರಗತಿಯೊಳಗೆ ಒಂದೇ ಹಲಗೆಯನ್ನು ನೋಡಿದ ಇಬ್ಬರ ನಡುವಿನ ಅಂತರ ಬೆಳೆಯುವುದು ತರಗತಿಯ ಹೊರಗೆ. ಆದುದರಿಂದ ಶಾಲೆಯ ಹೊರಗಣ ಕಲಿಕೆಯೆಂಬುದು ಬಿಡುವಿನ ವಿನೋದವೆಂದು ತಳ್ಳಿಹಾಕುವ ವಿಷಯವಲ್ಲ. ಹಿಂದುಳಿದ ಮಗು ಇನ್ನಷ್ಟು ಹಿಂದೆ ಬೀಳುವುದೋ, ಹೆಜ್ಜೆ ಕೂಡಿಸುವುದೋ ಎಂಬುದು ಬಹುಪಾಲು ಅಲ್ಲಿಯೇ ತೀರ್ಮಾನವಾಗುತ್ತದೆ.

ಇಂಥ ಕಲಿಕೆ ಈ ನಾಡಿಗೆ ಹೊಸದೇನಲ್ಲ. ಸರ್ಕಾರಿ ಶಾಲೆಗಳು ಬರುವ ಮೊದಲು ಕೂಲಿಮಠದ ಅಯ್ಯಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ಉಳಿದ ವಿದ್ಯೆಯನ್ನೆಲ್ಲ ಮಕ್ಕಳು ಹೊಲದಲ್ಲಿ, ಕುಲುಮೆಯಲ್ಲಿ, ಮಗ್ಗದ ಬಳಿಯಲ್ಲಿ, ಭಜನೆಯ ಮನೆಯಲ್ಲಿ, ಬಯಲಾಟದ ಅಟ್ಟದ ಕೆಳಗೆ ಪಡೆದರು. ಈ ಹಳೆಯ ವ್ಯವಸ್ಥೆಯನ್ನು ಕೊಂಡಾಡುವವರು ಇಂದಿಗೂ ಇದ್ದಾರೆ. ಆದರೆ ಅಲ್ಲಿ ಕುಂಬಾರನ ಮಗ ಮಡಕೆಯನ್ನು ಮಾತ್ರ ಕಲಿತನು, ಹೆಣ್ಣು ಮಗು ಒಲೆಯ ಮುಂದಿನ ವಿದ್ಯೆಯನ್ನು ಮಾತ್ರ ಕಲಿತಳು ಎಂಬುದನ್ನು ಮರೆಯಲಾಗದು. ತನಗೆ ಬೇಕಾದುದನ್ನು ಆರಿಸಿಕೊಳ್ಳುವ ಅವಕಾಶ ಮಗುವಿಗೆ ಇರಲಿಲ್ಲ. ಹೊಸ ಕಾಲದ ಅನೌಪಚಾರಿಕ ಶಿಕ್ಷಣವು ಹಳೆಯದರಿಂದ ಬೇರೆಯಾಗಬೇಕಾದುದು ಈ ಒಂದು ಅಂಶದಲ್ಲಿಯೇ.

ಕನ್ನಡ ನಾಡಿನಲ್ಲಿ ಈ ದಿಸೆಯಲ್ಲಿ ಮೊದಲು ದುಡಿದವರಲ್ಲಿ ಆರ್. ಕಲ್ಯಾಣಮ್ಮನವರ ಹೆಸರು ಮುಖ್ಯವಾದುದು. 'ಸರಸ್ವತಿ' ಪತ್ರಿಕೆಯನ್ನು ನಡೆಸಿದ ಈ ಮಹಿಳೆ 1930ರ ದಶಕದ ಕೊನೆಯಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಪರೀಕ್ಷೆಯಿಲ್ಲದೆ ಮಕ್ಕಳು ಕೂಡಿ ಹಾಡಿ, ಆಡಿ, ಓದುವುದಕ್ಕೆ ಒಂದು ಜಾಗ ಬೇಕೆಂಬುದನ್ನು ಅವರು ಅಂದೇ ಕಂಡಿದ್ದರು. ಸರಿಸುಮಾರು ಅದೇ ಕಾಲದಲ್ಲಿ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಶಿಕ್ಷಣದ ಪ್ರಯೋಗಗಳಿಗೆ ಕೈಹಾಕಿದರು. ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಒಬ್ಬರೇ ಬರೆದರು. ಗುಜರಾತಿನಲ್ಲಿ ಗಿಜುಭಾಯಿ ಬಧೇಕಾ ಅವರು ಭಾವನಗರದ ಬಾಲಮಂದಿರದಲ್ಲಿ ನಡೆಸಿದ ಕೆಲಸವನ್ನು ಇವುಗಳ ಜೊತೆಯಲ್ಲಿಟ್ಟು ನೋಡಿದರೆ ಒಂದು ಸಾಮ್ಯ ಗೋಚರಿಸುತ್ತದೆ. ಇವರಾರೂ ಮಕ್ಕಳಿಗೆ ಇನ್ನೊಂದು ಪಠ್ಯಕ್ರಮವನ್ನು ತಯಾರಿಸಲು ಹೊರಡಲಿಲ್ಲ. ಮಕ್ಕಳ ಕೈಗೆ ವಸ್ತುಗಳನ್ನು ಕೊಟ್ಟು, ಹತ್ತಿರದಲ್ಲಿ ನಿಂತು, ಕೇಳಿದಾಗ ಮಾತಾಡಿದರು. ಮುಂದೆ 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 'ಬಾಲವಿಜ್ಞಾನ' ಮಾಸಪತ್ರಿಕೆಯ ಮೂಲಕ ಹಳ್ಳಿಯ ಶಾಲೆಗಳ ತನಕ ತಲುಪಿತು. 1993ರಿಂದ ದೇಶದಾದ್ಯಂತ ನಡೆದುಬಂದ ಮಕ್ಕಳ ವಿಜ್ಞಾನ ಸಮಾವೇಶವು, ತಮ್ಮ ಊರಿನದೇ ಒಂದು ಸಮಸ್ಯೆಯನ್ನು ಹಿಡಿದು ಮಕ್ಕಳೇ ಶೋಧಿಸುವ ಪದ್ಧತಿಯನ್ನು ರೂಢಿಗೆ ತಂದಿತು.

ಊರಿನದೇ ಸಮಸ್ಯೆ ಎಂಬ ಮಾತನ್ನು ಉಬ್ರಾಣಿಯಂಥ ಸ್ಥಳದಲ್ಲಿ ಹೇಗೆ ಅರ್ಥೈಸಬಹುದು? ಎಲ್ಲಕ್ಕಿಂತ ಮೊದಲು ಮಳೆಯನ್ನು ತೆಗೆದುಕೊಳ್ಳಬಹುದು. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರುವ, ಸಮತಳದ ತಗಡಿನ ಡಬ್ಬಿಯೊಂದನ್ನು ಮರದ ನೆರಳು ಬೀಳದ ಬಯಲಿನಲ್ಲಿಟ್ಟು, ಪ್ರತಿದಿನ ಬೆಳಿಗ್ಗೆ ನಿಂತ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಮಿಲಿಮೀಟರ್ ಲೆಕ್ಕದಲ್ಲಿ ಅಳೆದು ಬರೆದಿಟ್ಟರೆ ಅದೇ ಮಳೆಮಾಪಕ. ಇಲ್ಲಿ ಮಕ್ಕಳನ್ನು ಬೆರಗುಗೊಳಿಸುವ ಒಂದು ಸಂಗತಿಯುಂಟು. ದೊಡ್ಡ ಡಬ್ಬಿಗೆ ಹೆಚ್ಚು ನೀರು ಬೀಳುತ್ತದೆ, ಆದ್ದರಿಂದ ಅದರಲ್ಲಿ ಮಳೆಯೂ ಹೆಚ್ಚು ತೋರುತ್ತದೆಂದು ಅವರು ಭಾವಿಸುತ್ತಾರೆ. ಎರಡು ಡಬ್ಬಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನೀರಿನ ಎತ್ತರ ಎರಡರಲ್ಲೂ ಒಂದೇ ಆಗಿರುವುದು ಕಾಣುತ್ತದೆ. ಅದು ಏಕೆ ಹಾಗೆ ಎಂಬ ಜಗಳ ಒಂದು ವಾರವಾದರೂ ನಡೆಯಬೇಕು. ಉತ್ತರವನ್ನು ಮೊದಲ ದಿನವೇ ಹೇಳಿಬಿಡುವ ಉಪಾಧ್ಯಾಯನು ಆ ವಾರವನ್ನು ಮಕ್ಕಳಿಂದ ಕಸಿದುಕೊಂಡಂತೆ.

ಅಲ್ಲಿಂದ ಮುಂದಿನ ಹೆಜ್ಜೆ ತೋಟಕ್ಕೆ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಎಕರೆಗೆ ಸುಮಾರು 4047 ಚದರ ಮೀಟರ್. ಆದ್ದರಿಂದ ಹತ್ತು ಮಿಲಿಮೀಟರಿನ ಒಂದು ಸಾಧಾರಣ ಮಳೆ ಎಕರೆಗೆ ನಲವತ್ತು ಸಾವಿರ ಲೀಟರಿಗೂ ಮಿಕ್ಕಿದ ನೀರನ್ನು ಸುರಿಯುತ್ತದೆ. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಎಂಟು ಟ್ಯಾಂಕರ್. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ತೋಟ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಕೊಂಡ ಬೆಳೆಗಾರರ ಮಕ್ಕಳಿಗೆ ಈ ಲೆಕ್ಕದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮನೆಯ ಹಿರಿಯರಿಗೂ ಇಲ್ಲಿ ಸ್ಥಾನವಿದೆ. ಅವರು ಮಳೆಯನ್ನು ತಿಂಗಳಿನಿಂದ ಲೆಕ್ಕ ಹಾಕುವವರಲ್ಲ. ರೋಹಿಣಿ, ಮೃಗಶಿರ, ಆರಿದ್ರೆ, ಪುನರ್ವಸು ಎಂದು ನಕ್ಷತ್ರದಿಂದ ಎಣಿಸುವವರು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಇಪ್ಪತ್ತೇಳು ನಕ್ಷತ್ರಗಳು ಸೇರಿದರೆ ಒಂದು ವರ್ಷ. ಮಕ್ಕಳು ತಮ್ಮ ಪುಸ್ತಕದಲ್ಲಿ ದಿನಾಂಕದ ಪಕ್ಕದಲ್ಲಿ ನಕ್ಷತ್ರದ ಹೆಸರನ್ನೂ ಬರೆದರೆ, ಅಜ್ಜನು 'ಈ ಸಲ ಆರಿದ್ರೆ ಕೈಕೊಟ್ಟಿತು' ಎಂದಾಗ ಅದು ಎಷ್ಟು ಮಿಲಿಮೀಟರ್ ಎಂದು ಹುಡುಕಿ ನೋಡಬಹುದು. ಕೆಲವೊಮ್ಮೆ ಅಜ್ಜನ ಮಾತು ನಿಜವಾಗುತ್ತದೆ, ಕೆಲವೊಮ್ಮೆ ಪುಸ್ತಕ ಬೇರೆ ಮಾತು ಹೇಳುತ್ತದೆ. ಎರಡೂ ಸಂದರ್ಭಗಳಲ್ಲಿ ಅಜ್ಜನೂ ಮೊಮ್ಮಗಳೂ ಒಂದೇ ಪುಸ್ತಕದ ಮೇಲೆ ಬಗ್ಗಿ ಕೂರುವುದುಂಟು. ಅಕ್ಷರ ಬಾರದ ಹಿರಿಯರಿಗೂ ಹೇಳಲು ವಿಷಯವುಂಟೆಂಬುದನ್ನು ಶಾಲೆಯ ಮಗು ಹೀಗೆ ಅರಿಯುತ್ತದೆ.

ಅಡಿಕೆಯ ತೋಟವೂ ಅಂಥದೇ ಒಂದು ಪಾಠಶಾಲೆ. ಒಂಬತ್ತು ಅಡಿಗೊಂದು ಸಸಿಯಂತೆ ನೆಟ್ಟರೆ ಎಕರೆಗೆ ಎಷ್ಟು ಗಿಡ ಹಿಡಿಸುತ್ತವೆಂಬುದು ಬೆಳೆಗಾರನಿಗೆ ಬಾಯಲ್ಲೇ ಇರುವ ಲೆಕ್ಕ. ಎಕರೆಯ 43,560 ಚದರ ಅಡಿಯನ್ನು 81ರಿಂದ ಭಾಗಿಸಿದಾಗ 537 ದಾಟಿದ ಸಂಖ್ಯೆ ಬರುವುದನ್ನು ಕಂಡ ಬಾಲಕನು, ತನ್ನ ತೋಟದ ಗಿಡಗಳನ್ನು ಸಾಲು ಹಿಡಿದು ಎಣಿಸಿ ಬರುತ್ತಾನೆ. ಎರಡು ಸಂಖ್ಯೆಗಳೂ ಕೂಡುವುದಿಲ್ಲ. ಅಂಚಿನ ಬದು, ಬಸಿಗಾಲುವೆ, ಕೊಳವೆಬಾವಿಯ ಜಾಗ, ಸತ್ತ ಗಿಡಗಳು ಇವೆಲ್ಲ ಆಗ ಲೆಕ್ಕದೊಳಗೆ ಪ್ರವೇಶಿಸುತ್ತವೆ. ಅಂತರವನ್ನು ಎಂಟು ಅಡಿಗೆ ಇಳಿಸಿದರೆ ಗಿಡಗಳ ಸಂಖ್ಯೆ 680ಕ್ಕೆ ಏರುತ್ತದೆ. ಹಾಗಿದ್ದರೂ ತಿಳಿದವರು ಏಕೆ ಹಾಗೆ ನೆಡುವುದಿಲ್ಲ ಎಂಬ ಪ್ರಶ್ನೆ ಗಣಿತದಿಂದ ಬೇರು, ಬಿಸಿಲುಗಳ ಕಡೆಗೆ ಕೊಂಡೊಯ್ಯುತ್ತದೆ. ಕ್ವಿಂಟಲ್ ಹಸಿ ಕಾಯಿಗೆ ಎಷ್ಟು ಕಿಲೋ ಒಣ ಅಡಿಕೆ ಇಳಿಯುತ್ತದೆಂಬುದರ ಮೇಲೆ ಚೇಣಿ ಹಿಡಿಯುವವರ ಲಾಭನಷ್ಟವೆಲ್ಲ ನಿಂತಿದೆ. ಶೇಕಡಾವಾರು ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಪಠ್ಯಪುಸ್ತಕದಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಇನ್ನು ಜಗಲಿಯ ಆಟಗಳು. ಚೌಕಾಬಾರದ ಮನೆ ಐದಕ್ಕೈದು, ಕವಡೆ ನಾಲ್ಕು. ಬಾಯಿ ಮೇಲಾಗಿ ಬಿದ್ದ ಕವಡೆಗಳಿಗನುಸಾರ ಒಂದು, ಎರಡು, ಮೂರು, ನಾಲ್ಕು. ನಾಲ್ಕೂ ಕವಿದುಬಿದ್ದರೆ ಎಂಟು. ನಾಲ್ಕು ಕವಡೆಗಳು ಬೀಳಬಹುದಾದ ಬಗೆಗಳು ಒಟ್ಟು ಹದಿನಾರು. ಅವುಗಳಲ್ಲಿ ಎರಡು ಬೀಳುವ ಬಗೆಗಳು ಆರು, ಒಂದು ಮತ್ತು ಮೂರು ಬೀಳುವ ಬಗೆಗಳು ನಾಲ್ಕು ನಾಲ್ಕು, ನಾಲ್ಕು ಮತ್ತು ಎಂಟು ಬೀಳುವ ಬಗೆ ಒಂದೊಂದೇ. ಆಟದಲ್ಲಿ ನಾಲ್ಕಕ್ಕೂ ಎಂಟಕ್ಕೂ ಮತ್ತೊಮ್ಮೆ ಹಾಕುವ ಬಹುಮಾನ ಏಕಿದೆಯೆಂಬುದು ಇದರಿಂದ ಹೊಳೆಯುತ್ತದೆ: ಅಪರೂಪವಾದುದಕ್ಕೆ ಬೆಲೆ. ಆದರೆ ಇದು ಕಾಗದದ ಮೇಲಿನ ಲೆಕ್ಕ. ಕವಡೆಯ ಒಂದು ಮೈ ಉಬ್ಬು, ಇನ್ನೊಂದು ಮೈ ಸೀಳು; ಎರಡೂ ಮೈ ಸಮಾನವಾಗಿ ಬೀಳುತ್ತವೆಂಬ ಭರವಸೆಯಿಲ್ಲ. ಇನ್ನೂರು ಸಲ ಹಾಕಿ, ಗೆರೆ ಎಳೆದು ಎಣಿಸಿದರೆ ಆ ಮನೆಯ ಕವಡೆಗಳ ಗುಣ ಗೊತ್ತಾಗುತ್ತದೆ. ಪ್ರೌಢಶಾಲೆಯಲ್ಲಿ ಸಂಭವನೀಯತೆಯ ಪಾಠವನ್ನು ನಾಣ್ಯ ದಾಳಗಳ ಚಿತ್ರ ಬರೆದು ಮುಗಿಸುವ ಬದಲು, ಮಕ್ಕಳ ಅಜ್ಜಿಯರು ಗೂಡಿನಲ್ಲಿಟ್ಟಿರುವ ಕವಡೆಗಳನ್ನು ಒಮ್ಮೆ ಹೊರತೆಗೆಯಿಸುವುದು ಒಳಿತು. ಅಳಗುಳಿಮಣೆಯ ಹದಿನಾಲ್ಕು ಗುಳಿಗಳಲ್ಲಿ ಹುಣಸೆ ಬೀಜ ಹಂಚುವ ಹುಡುಗಿಯರು ಮುಂದಿನ ಮೂರು ಸುತ್ತುಗಳನ್ನು ಮನಸ್ಸಿನಲ್ಲಿಯೇ ಎಣಿಸಿ ಇಡುತ್ತಾರೆ. ಆದರೂ ಅವರಲ್ಲಿ ಹಲವರು 'ಲೆಕ್ಕ ಬಾರದವರು' ಎಂದು ಅಂಕಪಟ್ಟಿಯಲ್ಲಿ ಬರೆಸಿಕೊಂಡವರಾಗಿರುತ್ತಾರೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನು ಆಡಲೇಬೇಕಾಗುತ್ತದೆ. ಅಡಿಕೆಯ ಸುಗ್ಗಿಯಲ್ಲಿ ಕೊಯ್ಲು, ಸುಲಿತ, ಬೇಯಿಸುವಿಕೆ, ಒಣಗಿಸುವಿಕೆ ಎಲ್ಲವೂ ಒಟ್ಟಿಗೆ ಬರುತ್ತವೆ. ಸುಲಿಯುವ ಯಂತ್ರಗಳು ಬಂದಿದ್ದರೂ ಕೈಕೆಲಸ ಪೂರ್ತಿ ತಪ್ಪಿಲ್ಲ. ಕಣದಲ್ಲಿ ಅಡಿಕೆ ಹರವುತ್ತ, ಗೊನೆ ಉದುರಿಸುತ್ತ ಮಕ್ಕಳು ಕಲಿಯುವುದೂ ಉಂಟು. ಆದರೆ ಆ ಕಣದಲ್ಲಿ ಒಂದು ಮಗು ತನ್ನ ಮನೆಯ ಅಡಿಕೆಯನ್ನು ಹರವುತ್ತಿರುತ್ತದೆ, ಇನ್ನೊಂದು ಮಗು ಬೇರೆಯವರ ಅಡಿಕೆಯನ್ನು ತಾಯಿಯ ಕೂಲಿಗೆ ಕೂಡಿಸುವುದಕ್ಕಾಗಿ ಹರವುತ್ತಿರುತ್ತದೆ. ಮೊದಲನೆಯದನ್ನು ಕಲಿಕೆಯೆಂದು ಮೆಚ್ಚಿ ಎರಡನೆಯದಕ್ಕೂ ಅದೇ ಹೆಸರನ್ನು ಹಚ್ಚುವುದು ಸುಲಭ. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಂದ ತಿದ್ದುಪಡಿಯು ಹದಿನಾಲ್ಕು ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿ, ಶಾಲೆಯ ಸಮಯದ ಹೊರಗೆ ಹಾಗೂ ರಜೆಯಲ್ಲಿ ಅಪಾಯವಿಲ್ಲದ ಮನೆತನದ ಕೆಲಸದಲ್ಲಿ ನೆರವಾಗಲು ಅನುಮತಿ ನೀಡಿದೆ. ಕಾನೂನಿನ ಈ ಗೆರೆ ಕಣದಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಕಾಯಕದ ಮಹಿಮೆಯನ್ನು ವೇದಿಕೆಗಳಲ್ಲಿ ಹೊಗಳುವ ಸಂಸ್ಥೆಗಳಿಗಂತೂ ಇಲ್ಲಿ ಹೊಣೆ ಹೆಚ್ಚು. ಶರಣರ ಕಾಯಕವು ಅರಿವುಳ್ಳವನು ಮನಸ್ಸಾರೆ ಕೈಗೊಂಡ ಕೆಲಸ. ಬೇಡವೆನ್ನಲಾಗದ ಹತ್ತು ವರ್ಷದ ಮಗುವಿನ ದುಡಿಮೆಗೆ ಆ ಮಾತು ಸಲ್ಲದು. ಬೇಸರವಾದಾಗ ಬಿಟ್ಟು ಎದ್ದು ಹೋಗುವ ಸ್ವಾತಂತ್ರ್ಯ ಮಗುವಿಗೆ ಇದೆಯೇ ಇಲ್ಲವೇ ಎಂದು ನೋಡಿದರೆ ಸಾಕು, ಅದು ಕಲಿಕೆಯೋ ಕೂಲಿಯೋ ಗೊತ್ತಾಗುತ್ತದೆ.

ಶಾಲೆಯ ಹೊರಗಣ ಕಲಿಕೆಯನ್ನು ಇಡೀ ರಾಜ್ಯವೇ ಅನಿವಾರ್ಯವಾಗಿ ಪ್ರಯೋಗಿಸಿ ನೋಡಿದ ಕಾಲವೊಂದು ಬಂದುಹೋಯಿತು. ಕೋವಿಡ್ ಪಿಡುಗಿನಿಂದ ಶಾಲೆಗಳು ಮುಚ್ಚಿದ್ದ 2020ರ ಆಗಸ್ಟ್ ತಿಂಗಳಲ್ಲಿ ಸರ್ಕಾರ ವಿದ್ಯಾಗಮ ಕಾರ್ಯಕ್ರಮವನ್ನು ಆರಂಭಿಸಿತು. ಉಪಾಧ್ಯಾಯರೇ ಮಕ್ಕಳಿರುವ ಕೇರಿಗೆ ಹೋಗಿ, ದೇವಸ್ಥಾನದ ಪ್ರಾಂಗಣ, ಸಮುದಾಯ ಭವನ, ಮರದ ನೆರಳು ಎಲ್ಲಿ ಅನುಕೂಲವೋ ಅಲ್ಲಿ ಸಣ್ಣ ಗುಂಪುಗಳಿಗೆ ಪಾಠ ಹೇಳಿದರು. ವಠಾರ ಶಾಲೆ ಎಂಬ ಹೆಸರೂ ಬಳಕೆಗೆ ಬಂದಿತು. ಸೋಂಕಿನ ಭಯ ಹೆಚ್ಚಿದ್ದರಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಆ ತೀರ್ಮಾನವನ್ನು ತಪ್ಪೆನ್ನಲಾಗದು. ಆದರೆ ಆ ಎರಡು ತಿಂಗಳು ತೋರಿಸಿಕೊಟ್ಟ ಸಂಗತಿಯನ್ನು ಶಾಲೆಗಳು ಬಾಗಿಲು ತೆರೆದ ಬಳಿಕ ಬಹುಬೇಗ ಮರೆತವು. ಜಗಲಿಯ ಮೇಲೆ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕುಳಿತಾಗ ಹಿರಿಯ ಮಗು ಕಿರಿಯದಕ್ಕೆ ಹೇಳಿಕೊಡುವುದು ತಾನಾಗಿ ನಡೆಯುತ್ತದೆ. ಮಗುವಿನ ಮನೆಯನ್ನು ಕಣ್ಣಾರೆ ಕಂಡ ಉಪಾಧ್ಯಾಯರು, ಮನೆಕೆಲಸ ಬರೆಯದ ಮಗುವನ್ನು ಮುಂಚಿನಂತೆ ಗದರಿಸುವುದು ಕಷ್ಟ. ವಿದ್ಯಾಗಮದ ನಿಜವಾದ ಲಾಭ ಯಾವುದೆಂದು ಕೇಳಿದರೆ, ಪಾಠಕ್ಕಿಂತ ಹೆಚ್ಚಾಗಿ ಇದನ್ನೇ ಹೆಸರಿಸಬೇಕಾಗುತ್ತದೆ.

ಅದೇ ವರ್ಷದ ನವೆಂಬರ್‌ನಲ್ಲಿ, ಮಕ್ಕಳ ದಿನಾಚರಣೆಯ ಸಂದರ್ಭದಲ್ಲಿ, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು 'ಓದುವ ಬೆಳಕು' ಎಂಬ ಕಾರ್ಯಕ್ರಮವನ್ನು ತಂದು, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿತು. ರಾಜ್ಯದಲ್ಲಿ ಐದು ಸಾವಿರಕ್ಕೂ ಮಿಕ್ಕಿದ ಈ ಗ್ರಂಥಾಲಯಗಳಿಗೆ ಮುಂದೆ 'ಅರಿವು ಕೇಂದ್ರ' ಎಂಬ ಹೆಸರು ಬಂದಿತು. ಹೆಸರು ಸೊಗಸಾಗಿದೆ. ಆದರೆ ಗ್ರಂಥಾಲಯದ ಭಾಗ್ಯ ಅದರ ಬೀಗದ ಕೈಯನ್ನು ಅವಲಂಬಿಸಿದೆ. ಶಾಲೆ ನಡೆಯುವ ಹೊತ್ತಿನಲ್ಲೇ ತೆರೆದು, ಶಾಲೆ ಬಿಟ್ಟ ಸ್ವಲ್ಪ ಹೊತ್ತಿಗೆ ಮುಚ್ಚುವ ಗ್ರಂಥಾಲಯ ಮಕ್ಕಳ ಪಾಲಿಗೆ ಇದ್ದೂ ಇಲ್ಲದಂತೆ. ಪತ್ರಿಕೆ ಓದುವ ಹಿರಿಯರು ಬೆಂಚನ್ನೆಲ್ಲ ಆವರಿಸಿದ್ದರೆ ಹನ್ನೊಂದು ವರ್ಷದ ಹುಡುಗಿ ಹೊಸ್ತಿಲಿನಿಂದಲೇ ಹಿಂದಿರುಗುತ್ತಾಳೆ. ಈ ಹುಡುಗಿಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾದುದು. ಶಾಲೆಯ ಹೊರಗೆ ಎಂದು ಹೇಳುವಾಗ ಹೊರಗೆ ಅಡ್ಡಾಡುವ ಸ್ವಾತಂತ್ರ್ಯ ಹುಡುಗನಿಗೆ ಇದ್ದಷ್ಟು ಹುಡುಗಿಗೆ ಇಲ್ಲವೆಂಬುದನ್ನು ಕಾರ್ಯಕ್ರಮ ರೂಪಿಸುವವರು ಮರೆತುಬಿಡುತ್ತಾರೆ. ಆಕೆಯ ಕಂಕುಳಲ್ಲಿ ಪುಟ್ಟ ತಮ್ಮನಿರುತ್ತಾನೆ. ಅವನನ್ನೂ ಕರೆದುಕೊಂಡು ಬರಬಹುದು, ಅವನು ಅತ್ತರೆ ಯಾರೂ ಗದರುವುದಿಲ್ಲ, ಅವನಿಗೂ ಚಿತ್ರದ ಪುಸ್ತಕವೊಂದು ಇಲ್ಲಿದೆ ಎಂಬ ಭರವಸೆ ದೊರೆತ ಹೊರತು ಅವಳು ಒಳಗೆ ಬರಲಾರಳು. ಕತ್ತಲಾಗುವ ಮುನ್ನ ಮನೆ ಸೇರುವಂತೆ ವೇಳೆಯನ್ನು ಗೊತ್ತುಪಡಿಸುವುದೂ ಅಷ್ಟೇ ಅಗತ್ಯ. ಅದರಲ್ಲಿಯೂ ಭದ್ರಾ ಕಡೆಯ ಕಾಡಾನೆಗಳು ಇತ್ತೀಚಿನ ವರ್ಷಗಳಲ್ಲಿ ಚನ್ನಗಿರಿ ತಾಲ್ಲೂಕಿನ ಕಾಡಂಚಿನ ಊರುಗಳ ಕಡೆಗೆ ಬಂದುಹೋಗುತ್ತಿರುವುದರಿಂದ, ಕಾಡು ತೋರಿಸುವ ಸಂಚಾರವನ್ನು ಅರಣ್ಯ ಸಿಬ್ಬಂದಿಯ ಜೊತೆಗಲ್ಲದೆ ಏರ್ಪಡಿಸಕೂಡದು.

ಬೇಸಿಗೆ ಶಿಬಿರಗಳ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಪಟ್ಟಣಗಳಲ್ಲಿ ಅವು ಶುಲ್ಕ ಕೊಟ್ಟು ಸೇರುವ ಇನ್ನೊಂದು ಶಾಲೆಯಾಗಿವೆ. ಕೊನೆಯ ದಿನದ ಪ್ರದರ್ಶನದ ಸಲುವಾಗಿ ಉಳಿದ ದಿನಗಳೆಲ್ಲ ತಾಲೀಮಿನಲ್ಲಿ ಕಳೆಯುತ್ತವೆ. ಇದಕ್ಕೆ ಬೇರೆಯಾದ ಮಾದರಿಗಾಗಿ ದೂರ ಹೋಗಬೇಕಿಲ್ಲ. ನೆರೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರು ಕಟ್ಟಿ ಬೆಳೆಸಿದ ರಂಗಚಟುವಟಿಕೆ ಒಂದು ಸಣ್ಣ ಹಳ್ಳಿಯನ್ನು ನಾಡಿನ ರಂಗಭೂಮಿಯ ನಕಾಶೆಯಲ್ಲಿ ಗುರುತಿಸುವಂತೆ ಮಾಡಿತು. 1997ರಿಂದ ಅಲ್ಲಿನ ಶಿವಸಂಚಾರ ತಂಡ ಊರೂರು ತಿರುಗಿ ನಾಟಕಗಳನ್ನು ಆಡುತ್ತ ಬಂದಿತು. ನಾಟಕವನ್ನು ನೋಡಲು ಪಟ್ಟಣಕ್ಕೆ ಹೋಗಬೇಕಾಗಿದ್ದ ಮಗುವಿನ ಬಳಿಗೆ ನಾಟಕವೇ ಬಂದರೆ, ಮರುದಿನ ಸಂಜೆ ಕಣದಲ್ಲಿ ಕಂಬಳಿಯ ಪರದೆ ಕಟ್ಟಿ ಮಕ್ಕಳು ತಮ್ಮದೇ ಆಟ ಹೂಡುತ್ತಾರೆ. ಆ ಆಟಕ್ಕೆ ಬಹುಮಾನವಿಲ್ಲ, ತೀರ್ಪುಗಾರರಿಲ್ಲ. ಹಾಗೆಯೇ ಇರಲಿ.

ಏಕೆಂದರೆ ಹೊರಗಣ ಕಲಿಕೆಯನ್ನು ಕೆಡಿಸುವ ಅತ್ಯಂತ ಸುಲಭ ಮಾರ್ಗವೆಂದರೆ ಅದಕ್ಕೆ ಅಂಕ ಕೊಡುವುದು. ಮಳೆಯ ಪುಸ್ತಕಕ್ಕೆ ಹತ್ತು ಅಂಕವೆಂದು ಸಾರಿದ ದಿನವೇ ಮಳೆಯಿಲ್ಲದ ದಿನಗಳಲ್ಲಿಯೂ ಪುಸ್ತಕದಲ್ಲಿ ಮಳೆ ಬೀಳತೊಡಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಹತ್ತು ದಿನ ಚೀಲವಿಲ್ಲದೆ ಕಲಿಯುವ ಅವಕಾಶವನ್ನು ಸೂಚಿಸಿದೆ. ಸದುದ್ದೇಶದ ಸೂಚನೆಯೇ ಸರಿ. ಆದರೆ ಆ ಹತ್ತು ದಿನಗಳಿಗೂ ನಮೂನೆಯ ವರದಿಯನ್ನು ತುಂಬಬೇಕಾಗಿ ಬಂದರೆ ಚೀಲದ ಭಾರ ಮಗುವಿನ ಬೆನ್ನಿನಿಂದ ಉಪಾಧ್ಯಾಯರ ಮೇಜಿಗೆ ವರ್ಗವಾದಂತೆ ಅಷ್ಟೇ.

ಶಾಲೆಯ ಹಿತವನ್ನು ಬಯಸುವ ದಾನಿಗಳು ಕೊಠಡಿಗೆ, ಗಡಿಯಾರಕ್ಕೆ, ಕಬ್ಬಿಣದ ಬೀರುವಿಗೆ ಕೊಡುವುದು ವಾಡಿಕೆ; ಕೊಟ್ಟವರ ಹೆಸರು ಅವುಗಳ ಮೇಲೆ ನಿಲ್ಲುತ್ತದೆ. ಹೊರಗಣ ಕಲಿಕೆಗೆ ಬೇಕಾದ ವಸ್ತುಗಳ ಮೇಲೆ ಹೆಸರು ಬರೆಯಲು ಜಾಗವಿಲ್ಲ: ಒಂದೆರಡು ತಗಡಿನ ಡಬ್ಬಿಗಳು, ಅಳತೆಪಟ್ಟಿಗಳು, ಗೆರೆ ಹಾಕಿದ ಪುಸ್ತಕಗಳು, ಒಂದು ದೊಡ್ಡ ಚಾಪೆ, ಹರಿದರೂ ಚಿಂತೆಯಿಲ್ಲದ ನೂರು ಚಿತ್ರಪುಸ್ತಕಗಳು. ಇವೆಲ್ಲಕ್ಕಿಂತ ದುಬಾರಿಯಾದುದು ಒಬ್ಬ ನೆಚ್ಚಬಹುದಾದ ವ್ಯಕ್ತಿ. ಸಂಜೆ ನಾಲ್ಕೂವರೆಯಿಂದ ಆರರ ತನಕ ಪ್ರತಿದಿನ ತಪ್ಪದೆ ಬಾಗಿಲು ತೆರೆದು ಕೂರುವ, ಮಕ್ಕಳನ್ನು ಗದರದ, ಎಲ್ಲವನ್ನೂ ತಾನೇ ಹೇಳಿಬಿಡದ ಒಬ್ಬರು ಬೇಕು. ಊರಿನಲ್ಲಿಯೇ ಓದಿ ಊರಿನಲ್ಲಿಯೇ ಉಳಿದ ತರುಣಿಯೊಬ್ಬಳಿಗೆ ಗೌರವಧನ ಕೊಟ್ಟು ಈ ಕೆಲಸವನ್ನು ಒಪ್ಪಿಸಬಹುದು. ನಿವೃತ್ತ ಉಪಾಧ್ಯಾಯರೂ ಆಗಬಹುದು, ಪಾಠ ಹೇಳುವ ಚಟವನ್ನು ಬಿಡಬಲ್ಲವರಾದರೆ. ಉತ್ಸಾಹಿಯೊಬ್ಬರು ಬಂದಾಗ ತೆರೆದು, ಅವರ ವರ್ಗಾವಣೆಯಾದಾಗ ಮುಚ್ಚಿಹೋದ ಮಕ್ಕಳ ಸಂಘಗಳು ಈ ನಾಡಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಹೊರ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಒಟ್ಟುಗೂಡಿ, ಒಂದು ಬಾರಿಯ ದೊಡ್ಡ ಕೊಡುಗೆಗೆ ಬದಲಾಗಿ ಈ ಒಬ್ಬರ ಗೌರವಧನವನ್ನು ತಿಂಗಳು ತಿಂಗಳು ತಪ್ಪದೆ, ಕಡಿಮೆಯೆಂದರೆ ಮೂರು ವರ್ಷ ಸಲ್ಲಿಸುವ ಏರ್ಪಾಡು ಮಾಡಿಕೊಂಡರೆ, ಮೊದಲ ಮಳೆಯ ಪುಸ್ತಕ ಬರುವ ಅಶ್ವಿನಿಯಿಂದಲೇ, ಅಂದರೆ ಏಪ್ರಿಲ್ ನಡುವಿನಿಂದಲೇ ಆರಂಭವಾಗಬಹುದು. ಆಗ ಶಾಲೆಗೆ ರಜೆ ಇರುತ್ತದೆ, ಅಡಿಕೆಯ ಕೊಯ್ಲು ಮುಗಿದಿರುತ್ತದೆ, ಕಣಗಳು ಬರಿದಾಗಿರುತ್ತವೆ.